ನೂರ ಎಂಬತ್ತೇಳನೇ ಸಾಲು

೨೦೨೩ರ ಜೂನ್ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಕಾರಿಡಾರಿನಲ್ಲಿ, ಅಲ್ಲಿಯೇ ಪಾಠ ಮಾಡುವ ದಾಕ್ಷಾಯಣಿ ನೋಟಿಸ್ ಬೋರ್ಡ್ ಓದುತ್ತಿದ್ದಳು. ಓದುವವಳಂತೆ ನಿಂತಿದ್ದಳು ಎಂದರೆ ಹೆಚ್ಚು ಸರಿ. ಬೋರ್ಡಿನಲ್ಲಿದ್ದದ್ದು ಹಿಂದಿನ ವರ್ಷದ ಕ್ರೀಡಾಕೂಟದ ಪಟ್ಟಿ. ಪಕ್ಕದ ಕಿಟಕಿಯ ಒಂದು ಗಾಜು ಒಡೆದಿತ್ತು. ಆ ಕಿಂಡಿಯಿಂದ ಟೆಸ್ಟಿಂಗ್ ಲ್ಯಾಬಿನ ಮೂಲೆಯ ಹಳೇ ಯಂತ್ರವೂ, ಅದರ ಮುಂದೆ ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತಿದ್ದ ಇನ್‌ಸ್ಟ್ರಕ್ಟರ್ ಅಡವಿಯಪ್ಪನವರೂ ಕಾಣುತ್ತಿದ್ದರು.

ಅಡವಿಯಪ್ಪ ಸುಲಿದ ತೆಂಗಿನಕಾಯೊಂದನ್ನು ಯಂತ್ರದ ಎರಡು ಹಲಗೆಗಳ ನಡುವೆ ಕೂರಿಸಿದರು. ಕೈಚಕ್ರ ತಿರುಗಿಸಿದರು. ಡಯಲಿನ ಮುಳ್ಳು ನಿಧಾನಕ್ಕೆ ಏರಿತು. ಟಕ್ ಎಂದು ಕಾಯಿ ಬಿರಿಯಿತು, ಮುಳ್ಳು ಸೊನ್ನೆಗೆ ಬಿತ್ತು. ಅವರು ಮೇಜಿನ ಮೇಲಿದ್ದ ಹಾಳೆಯತ್ತ ಒಮ್ಮೆ ನೋಡಿ, ಆಮೇಲೆ ಚೀಟಿಯಲ್ಲಿ ಏನೋ ಬರೆದರು.

ಮೊದಲು ಹಾಳೆ, ಆಮೇಲೆ ಚೀಟಿ. ದಾಕ್ಷಾಯಣಿ ಅದನ್ನು ತನ್ನ ಡೈರಿಯಲ್ಲಿ ಗಂಟೆ, ನಿಮಿಷದ ಸಮೇತ ಗುರುತು ಹಾಕಿಕೊಂಡಳು.

ಆ ಹಾಳೆಯನ್ನು ಅಲ್ಲಿ ಇಟ್ಟವಳು ಅವಳೇ. ಅದರಲ್ಲಿ ದೊಡ್ಡದಾಗಿ ‘ನಿರೀಕ್ಷೆ: ೬೪೦ ಕೇಜಿ’ ಎಂದು ಬರೆದಿದ್ದಳು. ಅದು ಸುಳ್ಳು. ಅವಳ ಲೆಕ್ಕದ ಪ್ರಕಾರ ಆ ಕಾಯಿಗಳು ಒಡೆಯಬೇಕಾದದ್ದು ೨೬೬ ಕೇಜಿಗೆ.

ಇಷ್ಟು ಕೇಳಿದವರು ಅವಳನ್ನು ಕುತಂತ್ರಿ ಅಂದುಕೊಂಡಾರು. ಅವಳು ಹಾಗಿರಲಿಲ್ಲ. ಅನುಮಾನ ಅವಳಿಗೆ ಚಿಕ್ಕಂದಿನಲ್ಲೇ ಕಲಿತ ಕಸುಬಾಗಿತ್ತು.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಅವಳ ತಂದೆ ರೇವಣಸಿದ್ದಯ್ಯ ಕೊಬ್ಬರಿ ಮಾಡಿಸುತ್ತಿದ್ದರು. ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಡಬೇಕು. ಒಳಗಿನ ತಿರುಳು ಒಣಗಿ, ಕುಗ್ಗಿ, ಕರಟ ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವ ಹಾಗಿಲ್ಲ. ಸಿಪ್ಪೆ ಸುಲಿದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಅಂದರೆ ಆಗಿದೆ. ಸುಮ್ಮನಿದ್ದರೆ ಮತ್ತೆ ಅಟ್ಟಕ್ಕೆ.

ಆ ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಶೆಡ್ಡಿಗೆ ಕಾಲಿಡುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಗಾಜಿನ ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ, ಹಳೇ ಸೀರೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಮುತ್ತೈದೆಯರು ಬಳೆ ತೆಗೆಯುವಂತಿಲ್ಲ. ಬಳೆ ಸದ್ದು ಮಾಡುವಂತೆಯೂ ಇಲ್ಲ. ಎಂಟು ವರ್ಷದ ದಾಕ್ಷಾಯಣಿ ಒಂದು ದಿನ ಹಬ್ಬದ ಹೊಸ ಬಳೆ ತೊಟ್ಟುಕೊಂಡೇ ಕೂತು, ಒಂದು ರಾಶಿ ಕಾಯಿ ಅಲ್ಲಾಡಿಸಿ ‘ಆಗಿದೆ’ ಗುಡ್ಡೆಗೆ ಹಾಕಿದಳು. ಒಡೆದರೆ ಅರ್ಧಕ್ಕರ್ಧ ಹಸಿ. ಶೆಡ್ಡಿನ ಹಿರಿಯಾಳು ದೊಡ್ಡಗಂಗಮ್ಮ ಕರಟಕ್ಕೆ ಅಂಟಿದ್ದ ತಿರುಳನ್ನು ಅವಳ ಮೂಗಿನ ಮುಂದೆ ಹಿಡಿದು ಹೇಳಿದ್ದಳು:

“ಕಾಯಿ ಮಾತಾಡ್ಲಿಲ್ಲ ಕಣೇ. ನಿನ್ ಬಳೆ ಮಾತಾಡ್ತು. ನೀನು ಕಾಯಿ ಅಂದ್ಕೊಂಡೆ.”

ಇಡೀ ಶೆಡ್ಡು ನಕ್ಕಿತು. ದಾಕ್ಷಾಯಣಿಗೆ ಅಂದಿನಿಂದ ಒಂದು ರೋಗ ಅಂಟಿಕೊಂಡಿತು: ಯಾವ ಉತ್ತರ ಸಲೀಸಾಗಿ ಬಂದರೂ ಅದು ಎಲ್ಲಿಂದ ಬಂತು ಎಂದು ಹುಡುಕುವುದು.

ಎಸ್ಸೆಸ್ಸೆಲ್ಸಿ ಆದಮೇಲೆ ಕುಣಿಗಲ್‌ನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಡಿಪ್ಲೊಮಾ ಓದಿದಳು. ಅಲ್ಲಿಯ ಲ್ಯಾಬಿನಲ್ಲಿ ಬೇರೊಂದು ವಿದ್ಯೆ ಕಲಿತಳು. ತಂತಿಗೆ ತೂಕ ಕಟ್ಟಿ ಎಷ್ಟು ಹಿಗ್ಗಿತು ಎಂದು ಅಳೆಯುವ ಪ್ರಯೋಗ. ತಂತಿ ಹಿಂದಿನ ವರ್ಷವೇ ತುಂಡಾಗಿತ್ತು. ಆದರೂ ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಅಳತೆಗಳಿದ್ದವು. ಸೀನಿಯರ್‌ಗಳ ಪುಸ್ತಕದಿಂದ ಉತ್ತರ ತೆಗೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ, ನಡುನಡುವೆ ನಂಬಿಕೆ ಬರುವಷ್ಟು ಏರುಪೇರು ಸೇರಿಸಿ ಬರೆಯುವುದು. “ಎಷ್ಟು ಬರ್ಬೇಕು?” ಎಂದು ಮೊದಲು ಕೇಳಿಕೊಳ್ಳುವುದು, ಆಮೇಲೆ ಬರಿಸುವುದು. ಅವಳೂ ಬರೆದಳು. ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂತು. ಆ ಪುಸ್ತಕ ಇನ್ನೂ ಅವಳ ಬಳಿ ಇದೆ. ಯಾರಿಗೂ ತೋರಿಸುವುದಿಲ್ಲ.

ಡಿಪ್ಲೊಮಾ ಮುಗಿಸಿ ತುಮಕೂರಿನಲ್ಲಿ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದಳು. ಕೊನೇ ವರ್ಷದಲ್ಲಿ ಕಂಪ್ಯೂಟರಿನಲ್ಲಿ ಲೋಹದ ತಗಡನ್ನು ಎಳೆದು ನೋಡುವ ಪಾಠ ಬಂತು. ವಿಷಯ ಕೇಳಲು ಕಷ್ಟ, ತತ್ವ ಸರಳ. ಕುಣಿಗಲ್ ಕೆರೆಯಲ್ಲಿ ಎಷ್ಟು ನೀರಿದೆ ಎಂದು ಒಂದೇ ಏಟಿಗೆ ಹೇಳಲಾಗದು; ಕೆರೆಯನ್ನು ಚೌಕಚೌಕ ಮಾಡಿ ಒಂದೊಂದು ಚೌಕದ ಆಳ ಅಳೆದು ಕೂಡಿದರೆ ಹೇಳಬಹುದು. ಹಾಗೇ ವಸ್ತುವನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರಿನ ಮೇಲೂ ಎಷ್ಟು ಒತ್ತಡ ಬೀಳುತ್ತದೆಂದು ಯಂತ್ರದಿಂದ ಲೆಕ್ಕ ಹಾಕಿಸುವುದು. ಪರದೆಯ ಮೇಲೆ ಒತ್ತಡ ಹೆಚ್ಚಿದ ಕಡೆ ಕೆಂಪು, ಕಡಿಮೆಯಾದ ಕಡೆ ನೀಲಿ. ಕ್ಲಾಸಿನವರೆಲ್ಲ ಆ ಬಣ್ಣ ನೋಡಿ ಖುಷಿಪಟ್ಟರು. ದಾಕ್ಷಾಯಣಿಗೆ ಬಣ್ಣದ ಮೇಲೆ ನಂಬಿಕೆ ಬರಲಿಲ್ಲ. ಚೂರುಗಳನ್ನು ಅರ್ಧ ಮಾಡಿ ಮತ್ತೆ ಓಡಿಸಿದಳು, ಉತ್ತರ ಬದಲಾಯಿತು. ಮತ್ತೆ ಅರ್ಧ. ಆರನೇ ಸಲ ಉತ್ತರ ಅಲ್ಲಾಡದೆ ನಿಂತ ಮೇಲೆಯೇ ಮನೆಗೆ ಹೊರಟದ್ದು. ಈ ವಿದ್ಯೆಯನ್ನು ಬಿಡಬಾರದು ಅನ್ನಿಸಿದ್ದು ಆವತ್ತು. ಅನುಮಾನಪಟ್ಟವರಿಗೆ ಇಲ್ಲಿ ಬೈಗುಳ ಬೀಳುವುದಿಲ್ಲ, ಅದೇ ಕೆಲಸ.

ಎಂ.ಟೆಕ್. ಆಯಿತು, ಅದೇ ಊರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು, ಉಪ್ಪಾರಹಳ್ಳಿಯಲ್ಲಿ ಸಂಸಾರ. ೨೦೧೬ರಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿದಳು. ಉಳಿದವರು ಅಲ್ಯೂಮಿನಿಯಮ್ಮು, ಗಾಜಿನೆಳೆ ಅಂತ ಆರಿಸಿಕೊಂಡಾಗ ಅವಳು ತೆಂಗಿನ ಕರಟ ಅಂದಳು. ಕರಟದಷ್ಟು ತೆಳುವಾದ, ಹಗುರವಾದ, ಗಟ್ಟಿಯಾದ ಚಿಪ್ಪು ಎಷ್ಟು ಭಾರಕ್ಕೆ, ಎಲ್ಲಿ, ಹೇಗೆ ಬಿರಿಯುತ್ತದೆ ಎಂದು ಕಾಯಿ ಒಡೆಯದೆಯೇ ಲೆಕ್ಕದಲ್ಲಿ ಹೇಳಬೇಕು.

“ಕಾಯಿ ಒಡೆಯೋಕೆ ಪಿಎಚ್.ಡಿ. ಯಾಕಮ್ಮ? ದೇವಸ್ಥಾನದ ಮೆಟ್ಲು ಸಾಕು,” ಎಂದು ಮೊದಲ ಸಮಿತಿಯಲ್ಲಿ ಒಬ್ಬರು ಹಾಸ್ಯ ಮಾಡಿದರು. ಮಾರ್ಗದರ್ಶಕರಾದ ಪ್ರೊಫೆಸರ್ ಸದಾಶಿವಯ್ಯ ಮಾತ್ರ ನಗಲಿಲ್ಲ. “ಮಾಡ್ಲಿ ಬಿಡಿ ಸಾರ್. ಮಿಕ್ಕಿದ್ದನ್ನ ಚಟ್ನಿ ಮಾಡಬಹುದು,” ಎಂದರು.

ಏಳು ವರ್ಷ ಹಿಡಿಯಿತು. ಎರಡು ಸಲ ಅವಧಿ ವಿಸ್ತರಣೆಯಾಗಿ, ೨೦೨೩ರ ಜುಲೈ ಮೂವತ್ತೊಂದು ಕೊನೇ ದಿನ ಎಂದು ಪತ್ರ ಬಂದಿತ್ತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು, ಏಳು ವರ್ಷ ನೀರುಪಾಲು. ಪ್ರಬಂಧವೇನೋ ಸಿದ್ಧವಾಗಿತ್ತು. ಅವಳ ಲೆಕ್ಕ ೨೬೬ ಕೇಜಿ. ಅಡವಿಯಪ್ಪ ಇಪ್ಪತ್ತು ಕಾಯಿ ಒಡೆದು ಚೀಟಿಯಲ್ಲಿ ಕೊಟ್ಟ ಸರಾಸರಿ ೨೭೧. ವ್ಯತ್ಯಾಸ ಶೇಕಡಾ ಎರಡಕ್ಕೂ ಕಡಿಮೆ.

ಸದಾಶಿವಯ್ಯನವರು ಬೆನ್ನು ತಟ್ಟಿದರು. ದಾಕ್ಷಾಯಣಿ ಮಾತ್ರ ಚೀಟಿಯನ್ನು ಮತ್ತೆ ಮೊದಲಿಂದ ಓದಿದಳು. ಕರಟ ಕಬ್ಬಿಣವಲ್ಲ. ಒಂದೇ ಗೊನೆಯ ಎರಡು ಕಾಯಿ ಒಂದೇ ತೂಕಕ್ಕೆ ಒಡೆಯುವುದಿಲ್ಲ. ಎರಡು ಪರ್ಸೆಂಟ್ ಹೇಗೆ ಬಂತು?

ಅನುಮಾನ ಹೋಗಿ ನಿಂತದ್ದು ಅಡವಿಯಪ್ಪನವರ ಮೇಲೆ. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಅವರು ಮೂವತ್ತೊಂದು ವರ್ಷದಿಂದ ಆ ಲ್ಯಾಬಿನ ಇನ್‌ಸ್ಟ್ರಕ್ಟರ್. ಜೂನ್ ಮೂವತ್ತಕ್ಕೆ ರಿಟೈರ್. ಒಳ್ಳೆಯವರು. ಒಳ್ಳೆಯವರು ಎಂಬುದೇ ಈಗ ತೊಂದರೆಯಾಗಿತ್ತು. ಪ್ರತಿಸಲ ಕಾಯಿ ಕೊಡುವಾಗಲೂ ಅವರು ಕೇಳುತ್ತಿದ್ದರು:

“ಎಷ್ಟು ಬರ್ಬೇಕು ಮೇಡಂ?”

ಕುಣಿಗಲ್ ಲ್ಯಾಬಿನ ಅದೇ ಮಾತು. ಮೇಡಂಗೆ ಬೇಗ ಡಾಕ್ಟರೇಟ್ ಸಿಗಲಿ ಎಂಬ ಪ್ರೀತಿಗೆ ಇವರು ಮುಳ್ಳು ನೋಡದೆ ಹಾಳೆ ನೋಡಿ ಬರೆದಿದ್ದರೆ? ಅವಳು ಎರಡು ವರ್ಷದ ಚೀಟಿಗಳನ್ನು ಮನೆಗೆ ತಂದು ಹರಡಿಕೊಂಡು ಕೂತಳು. ಯಾವ ಚೀಟಿ ಒಂದೇ ಸಲಕ್ಕೆ ಕೂತು ಬರೆದದ್ದು, ಎಲ್ಲಿ ತಿದ್ದಿದೆ, ಯಾವ ಪೆನ್ನು, ಎಲ್ಲ ಪಟ್ಟಿ ಮಾಡಿದಳು. ಗಂಡ ಸಂಗಮೇಶ್, ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು, ಕಾಫಿ ತಂದಿಟ್ಟು ಇಣುಕಿದ.

“ಏನೇ ಇದು, ನೀನು ಕಾಲೇಜಿಗೆ ಹೋಗೋದೋ ಪೊಲೀಸ್ ಸ್ಟೇಷನ್ನಿಗೆ ಹೋಗೋದೋ? ಆ ಯಪ್ಪನ ಇಂಕು ಯಾವ ಕಲರ್ ಅಂತ ಬೇರೆ ಬರ್ಕೊಂಡಿದೀಯ.”

“ಮೂರು ಚೀಟೀಲಿ ನೀಲಿ, ಒಂದರಲ್ಲಿ ಕಪ್ಪು.”

“ಪೆನ್ನಲ್ಲಿ ಇಂಕ್ ಮುಗಿದಿರುತ್ತೆ ಕಣೇ.”

“ಇರಬಹುದು,” ಎಂದಳು, ನಂಬದೆ.

ಹೀಗೆ ಹುಟ್ಟಿದ್ದು ಆ ೬೪೦ರ ಹಾಳೆ. ಚೀಟಿಯಲ್ಲೂ ೬೪೦ರ ಆಸುಪಾಸು ಬಂದರೆ ಅಡವಿಯಪ್ಪ ಸಿಕ್ಕಿಬಿದ್ದಂತೆ.

ಬುಧವಾರ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅವರೇ ಬಾಗಿಲಿಗೆ ಬಂದು ಕರೆದರು. “ಮೇಡಂ, ಒಂದ್ ನಿಮ್ಷ ಬನ್ನಿ ಇಲ್ಲಿ.”

ಚೀಟಿಯಲ್ಲಿ ಎಂಟು ಅಂಕಿಗಳಿದ್ದವು: ೨೭೦, ೨೬೫, ೨೮೫, ೨೫೫, ೨೮೦, ೨೭೫, ೨೬೦, ೨೭೦. ಎಲ್ಲವೂ ಐದರ ಲೆಕ್ಕದಲ್ಲಿ.

“ನೀವು ಆರ್ನೂರ ನಲವತ್ತು ಅಂತ ಬರ್ದಿದ್ರಿ,” ಎಂದರು ಅಡವಿಯಪ್ಪ, ಸ್ವಲ್ಪ ಸಿಟ್ಟಿನಲ್ಲೇ. “ಐನೂರರ ರೇಂಜಲ್ಲಿ ಇಟ್ರೆ ಮುಳ್ಳು ಕೊನೇಗೆ ಹೋಗಿ ಬಡ್ಕೊಳ್ತದೆ, ಗೇಜ್ ಹಾಳಾಗ್ತದೆ. ಅದಕ್ಕೇ ಎರಡೂವರೆ ಸಾವಿರದ ರೇಂಜಿಗೆ ಹಾಕ್ದೆ. ಇದ್ರಲ್ಲಿ ಒಂದೊಂದ್ ಗೆರೆ ಐದೈದ್ ಕೇಜಿ. ನೋಡಿದ್ರೆ ಎಲ್ಲಾ ಇನ್ನೂರ ಎಪ್ಪತ್ತಕ್ಕೇ ಒಡ್ದೋದ್ವು. ನಾನೇ ತಪ್ಪು ಓದಿದ್ನಾ ಅಂತ ಒಂದೊಂದ್ ಸಲಾನೂ ನಿಮ್ ಹಾಳೆ ನೋಡ್ದೆ. ಒಂದೊಂದ್ ಕೇಜಿ ಲೆಕ್ಕದಲ್ಲಿ ಓದಕ್ಕಾಗ್ಲಿಲ್ಲ. ಎಂಟು ಕಾಯಿ ದಂಡ.”

ದಾಕ್ಷಾಯಣಿ ಡಯಲನ್ನೇ ನೋಡುತ್ತಿದ್ದಳು. “ಎಷ್ಟು ಬರ್ಬೇಕು ಅಂತ ಕೇಳ್ತಿದ್ದಿದ್ದು ರೇಂಜ್ ಹಾಕೋಕಾ?”

“ಇನ್ಯಾತಕ್ಕೆ ಕೇಳ್ತಾರೆ ಮೇಡಂ?”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಹೊಳೆಯಿತು. ಹಣೆಯ ಮೇಲಿದ್ದ ಕನ್ನಡಕವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

“ಓ. ಹಾಳೆ ನೋಡಿ ಬರ್ದುಬುಡ್ತೀನಿ ಅನ್ಕೊಂಡ್ರಾ. ಅದಕ್ಕೇ ಬೇಕಂತ್ಲೇ ಇಟ್ರಾ?”

ಅವಳು ಆ ಹಾಳೆಯನ್ನು ಮಡಚಿ ಡೈರಿಯೊಳಗೆ ಸೇರಿಸಿದಳು. ಬಾಯಿಂದ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಹಾಳೆಯ ಮೇಲೆ ಬರೆಯಲು ಮಾತ್ರ ಬಂದಿತ್ತು.

ಮರುದಿನ ಅಡವಿಯಪ್ಪ ಲ್ಯಾಬಿಗೆ ಬರಲಿಲ್ಲ. ರಜೆ ಚೀಟಿ ಬಂತು. ಸರ್ವಿಸಿನ ಕೊನೇ ಹದಿನೈದು ದಿನದಲ್ಲಿ ಅವರು ರಜೆ ಹಾಕಿದ್ದನ್ನು ಆಫೀಸಿನವರು ಕೂಡ ಆಶ್ಚರ್ಯದಿಂದ ಹೇಳಿಕೊಂಡರು.

ಹಾಗಾದರೆ ಎರಡು ಪರ್ಸೆಂಟ್ ಎಲ್ಲಿಂದ ಬಂತು? ಅಡವಿಯಪ್ಪ ಕೊಟ್ಟ ಅಂಕಿಗಳು ನಿಜ. ಉಳಿದದ್ದು ಇನ್ನೊಂದು ಕಡೆಯ ಅಂಕಿ, ೨೬೬. ಅದನ್ನು ಕೊಟ್ಟವಳು ದಾಕ್ಷಾಯಣಿ.

ಶನಿವಾರ ಮಧ್ಯಾಹ್ನ ಎರಡೂಕಾಲಿಗೆ ಮನೆಯಲ್ಲಿ ತನ್ನ ಲೆಕ್ಕದ ಫೈಲ್ ತೆರೆದಳು. ಕಂಪ್ಯೂಟರಿಗೆ ಕೊಡುವ ಸೂಚನೆಗಳ ಆ ಪಟ್ಟಿಯಲ್ಲಿ ನಾನೂರ ಹನ್ನೆರಡು ಸಾಲುಗಳು. ವಿದ್ಯಾರ್ಥಿಯ ರೆಕಾರ್ಡ್ ತಿದ್ದುವ ಹಾಗೆ, ಪ್ರತಿ ಸಾಲನ್ನೂ ಕಳ್ಳನ ಸಾಲೆಂದೇ ತಿಳಿದು, ಎದುರಿಗೆ ಸ್ಕೇಲು ಇಟ್ಟು ಓದುತ್ತ ಇಳಿದಳು. ಕರಟದ ದಪ್ಪ, ಸರಿ. ಉರುಟು, ಸರಿ. ನೂರ ಎಂಬತ್ತೇಳನೇ ಸಾಲಿಗೆ ಸ್ಕೇಲು ನಿಂತಿತು.

ಆ ಸಾಲು ಕರಟದ ಶಕ್ತಿಯದು, ಎಷ್ಟು ಒತ್ತಡದವರೆಗೆ ಅದು ಬಿರಿಯದೆ ತಡೆಯುತ್ತದೆ ಎಂಬ ಅಂಕಿ. ಅಲ್ಲಿ ೪೮ ಎಂದಿತ್ತು. ಅದರ ಪಕ್ಕದಲ್ಲಿ ಅವಳೇ ಎಂದೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದು ಪದ ಟೈಪ್ ಮಾಡಿದ್ದಳು: ‘ಸದ್ಯಕ್ಕೆ’.

ನೆನಪಾಯಿತು. ಎರಡು ವರ್ಷದ ಹಿಂದೆ, ಕರಟದಿಂದ ಸಣ್ಣ ಪಟ್ಟಿಗಳನ್ನು ಕೊಯ್ದು ಬಗ್ಗಿಸಿ ಶಕ್ತಿ ಅಳೆಯುವ ಕೆಲಸ ಇನ್ನೂ ಮುಗಿದಿರಲಿಲ್ಲ. ಲೆಕ್ಕ ಓಡುತ್ತದೋ ಇಲ್ಲವೋ ನೋಡಲು ಏನಾದರೊಂದು ಅಂಕಿ ಬೇಕಿತ್ತು. ಅಡವಿಯಪ್ಪ ಅದಾಗಲೇ ಒಡೆದುಕೊಟ್ಟಿದ್ದ ಇಪ್ಪತ್ತು ಇಡೀ ಕಾಯಿಗಳ ಚೀಟಿ ಇತ್ತು. ಅದರಿಂದ ಹಿಂದಕ್ಕೆ ಲೆಕ್ಕ ಮಾಡಿ, ದುಂಡಗೆ ೪೮ ಎಂದು ಹಾಕಿದ್ದಳು. ಆಮೇಲೆ ಪಟ್ಟಿಗಳನ್ನು ಬಗ್ಗಿಸಿ ನೋಡಿದಾಗ ೬೦ ಬಂತು. ಅದನ್ನು ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಅಚ್ಚುಕಟ್ಟಾಗಿ ಬರೆದಳು. ಫೈಲಿನಲ್ಲಿ ಬದಲಾಯಿಸುವುದನ್ನು ಮರೆತಳು.

ಅಂದರೆ ಅವಳ ಲೆಕ್ಕ ಏನನ್ನೂ ಮುಂಚಿತವಾಗಿ ಹೇಳಿರಲಿಲ್ಲ. ಆ ಇಪ್ಪತ್ತು ಕಾಯಿಗಳು ಹೇಳಿದ್ದನ್ನೇ ಆ ಇಪ್ಪತ್ತು ಕಾಯಿಗಳಿಗೆ ಒಪ್ಪಿಸಿತ್ತು. ದಾಕ್ಷಾಯಣಿ ಎಡಗೈ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಆಮೇಲೆ ೪೮ ಅಳಿಸಿ ೬೦ ಹಾಕಿ ಲೆಕ್ಕ ಓಡಿಸಿದಳು. ಉತ್ತರ ೩೩೩.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದಳು. ಕೆರೆ ಏರಿಯ ಹಿಂದಿನ ಬೀದಿಯಲ್ಲಿ ಅಡವಿಯಪ್ಪನವರ ಮನೆ. ಬಾಗಿಲು ತೆಗೆದದ್ದು ಅವರ ಹೆಂಡತಿ ಹನುಮಂತಮ್ಮ.

“ಬನ್ನಿ ಬನ್ನಿ. ನೀವೇನಾ ಕಾಯಿ ಮೇಡಂ? ಎರಡು ವರ್ಷದಿಂದ ನಮ್ಮನೇಲಿ ಒಡ್ದಿರೋ ಕಾಯಿಂದೇ ಪಲ್ಯ, ಒಡ್ದಿರೋ ಕಾಯಿಂದೇ ಹೋಳಿಗೆ,” ಎಂದು ಮಜ್ಜಿಗೆ ತರಲು ಒಳಗೆ ಹೋದರು.

ಅಡವಿಯಪ್ಪ ನಗಲಿಲ್ಲ. ಕುರ್ಚಿ ತೋರಿಸಿದರು, ತಾವು ನಿಂತೇ ಇದ್ದರು.

“ಸುಳ್ಳು ಸಿಕ್ತು ಅಡವಿಯಪ್ಪನೋರೆ,” ಎಂದಳು ದಾಕ್ಷಾಯಣಿ. “ನಂದೇ.” ಮುದ್ರಿಸಿ ತಂದಿದ್ದ ಹಾಳೆಯಲ್ಲಿ ಆ ಸಾಲನ್ನು ತೋರಿಸಿ, ಆದದ್ದನ್ನು ಆದ ಕ್ರಮದಲ್ಲೇ ಹೇಳಿದಳು. ಕಿಟಕಿಯ ಕಿಂಡಿಯಿಂದ ನೋಡಿದ್ದನ್ನೂ ಬಿಡಲಿಲ್ಲ. ಇಂಕಿನ ಪಟ್ಟಿಯನ್ನೂ ಬಿಡಲಿಲ್ಲ.

ಅವರು ಕನ್ನಡಕ ಇಳಿಸಿ ಹಾಳೆಯನ್ನು ದೂರ ಹಿಡಿದು ಓದಿದರು. “ಅಂದ್ರೆ, ನಾನು ಕೊಟ್ಟಿದ್ದನ್ನೇ ನನಗೆ ತಿರುಗ್ಸಿ ಕೊಟ್ಟು, ಸರಿಯಾಗೈತಾ ನೋಡಿ ಅಂತಿದ್ರಿ.”

“ಹೂಂ.”

“ನಮ್ ಹುಡುಗ್ರ ರೆಕಾರ್ಡ್ ಬುಕ್ಕೇ ವಾಸಿ ಬುಡಿ. ಅವ್ರು ಪಕ್ಕದೋನ್ದನ್ನಾದ್ರೂ ನೋಡಿ ಬರೀತಾರೆ.”

ಅಡುಗೆಮನೆಯಿಂದ ಹನುಮಂತಮ್ಮ ನಕ್ಕದ್ದು ಕೇಳಿಸಿತು. ಅಡವಿಯಪ್ಪ ಕೊನೆಗೆ ಕೂತರು. “ಕಪ್ಪು ಇಂಕಿನ ಚೀಟಿ, ಆವತ್ತು ಪೆನ್ನು ಮರ್ತಿದ್ದೆ. ಪ್ರಿನ್ಸಿಪಾಲ್ರ ಪ್ಯೂನ್ ಹತ್ರ ಇಸ್ಕೊಂಡೆ. ಬರ್ಕೊಳ್ಳಿ.”

ಸೋಮವಾರ ಸದಾಶಿವಯ್ಯನವರು ಹಾಳೆ ನೋಡಿ ಮೇಜಿನ ಗಾಜಿನ ಮೇಲೆ ಬೆರಳಾಡಿಸಿದರು. ಅವಳು ಭಯಕ್ಕೆ ಪ್ರಬಂಧ ಮುಂದೂಡುವ ನೆಪ ಹುಡುಕುತ್ತಿದ್ದಾಳೆ ಎಂದು ಅವರಿಗೆ ಅನುಮಾನ.

“ನಲವತ್ತೆಂಟು ಇರ್ಲಿ ಬಿಡಮ್ಮ. ಕರಟದ ಶಕ್ತಿ ಅಷ್ಟೇ ಅಂತ ಮೂರನೇ ಅಧ್ಯಾಯ ತಿದ್ದಿದ್ರಾಯ್ತು. ಇನ್ನು ಆರು ವಾರ ಇದೆ. ಎರಡು ಪರ್ಸೆಂಟ್ ಇಟ್ಕೊಂಡು ಹೋದ್ರೆ ಯಾರೂ ಕೇಳಲ್ಲ. ಇದನ್ನ ಇಟ್ಕೊಂಡು ಹೋದ್ರೆ ಎಕ್ಸಾಮಿನರ್ ನಿನ್ನ ಬಾಗಿಲಲ್ಲೇ ನಿಲ್ಸ್ತಾರೆ.”

“ಬೇರೆ ತೋಟದ ಕಾಯಿ ಯಂತ್ರಕ್ಕೆ ಇಟ್ರೆ ಲೆಕ್ಕ ನಿಜವೋ ಸುಳ್ಳೋ ಗೊತ್ತಾಗುತ್ತಲ್ಲ ಸಾರ್.”

“ಯಾರು ಇಡ್ತಾರೆ?”

“ನಾನೇ.”

ಸದಾಶಿವಯ್ಯ ಅವಳ ಮುಖವನ್ನು ಒಂದು ಗಳಿಗೆ ಅಳೆದು ನೋಡಿದರು. “ಜುಲೈ ಮೂವತ್ತೊಂದು. ಒಂದು ದಿನಾನೂ ಜಾಸ್ತಿ ಸಿಗಲ್ಲ. ಆಮೇಲೆ ನನ್ನ ಅನ್ನಬೇಡ,” ಎಂದರು.

ಜೂನ್ ಇಪ್ಪತ್ತೆಂಟರಂದು ರೇವಣಸಿದ್ದಯ್ಯನವರು ಸಿ.ಎಸ್. ಪುರದಿಂದ ಹನ್ನೆರಡು ಕಾಯಿ ಸುಲಿಸಿ ಕಳಿಸಿದರು. ಅಡವಿಯಪ್ಪ ರಜೆ ಮುಗಿಸಿ ಬಂದು ಯಂತ್ರದ ಮುಂದೆ ನಿಂತರು. ದಾಕ್ಷಾಯಣಿ ಈ ಸಲ ಕಾರಿಡಾರಿನಲ್ಲಿರಲಿಲ್ಲ, ಪಕ್ಕದಲ್ಲೇ ಇದ್ದಳು.

“ಎಷ್ಟು ಬರ್ಬೇಕು ಮೇಡಂ?” ಎಂದರು ಅವರು, ಮುಖ ಗಂಭೀರ ಮಾಡಿಕೊಂಡು.

“ಹೇಳಲ್ಲ. ರೇಂಜ್ ಐನೂರು ಹಾಕಿ.”

ಹನ್ನೆರಡು ಕಾಯಿ ಒಡೆಯಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಸರಾಸರಿ ೨೭೦. ಅವಳ ಹೊಸ ಲೆಕ್ಕ ೩೩೩. ನಡುವೆ ಅರವತ್ತಮೂರು ಕೇಜಿಯ ಕಂದಕ. ದಾಕ್ಷಾಯಣಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಡವಿಯಪ್ಪ ಪೊರಕೆ ತಂದು ಕರಟದ ಚೂರು ಗುಡಿಸುತ್ತ, ಒಂದು ಚೂರನ್ನು ಎತ್ತಿ ಅವಳ ಕೈಗಿಟ್ಟರು.

“ನಾನು ಎರಡು ವರ್ಷದಿಂದ ಗುಡಿಸ್ತಿದೀನಿ ಮೇಡಂ. ಕಣ್ಣಿನ ಕಡೆಯಿಂದ ಕೆಳಕ್ಕೆ ಮೂರು ಏಣು, ಉಬ್ಬಿದ ಗೆರೆ, ಇಳೀತವಲ್ಲ, ಎಲ್ಲಾ ಅಲ್ಲೇ ಬಿರಿಯೋದು. ನೀವು ಪಟ್ಟಿ ಕುಯ್ಯೋದು ಮಾತ್ರ ಏಣಿಲ್ಲದ ನುಣುಪು ಜಾಗದಲ್ಲಿ. ಅದು ಗಟ್ಟಿ ಜಾಗ. ಅಲ್ಲೇನು ಒಡೀತದೆ?”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ನೀವು ಎಷ್ಟು ಕೇಜಿ ಅಂತ ಕೇಳ್ತಿದ್ರಿ. ಎಲ್ಲಿ ಅಂತ ಕೇಳ್ಲಿಲ್ವಲ್ಲ.”

ಅವಳು ಬುಟ್ಟಿಯಲ್ಲಿದ್ದ ಚೂರುಗಳನ್ನೆಲ್ಲ ನೆಲದ ಮೇಲೆ ಸುರಿದು ಒಂದೊಂದಾಗಿ ಜೋಡಿಸಿದಳು, ಅವರ ಮಾತನ್ನೂ ಪರೀಕ್ಷಿಸದೆ ಬಿಡಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಏಣಿನ ಮೇಲೇ ಬಿರಿದಿದ್ದವು. ಹೊಸದಾಗಿ ಪಟ್ಟಿ ಕೊಯ್ಯಲು, ಬಗ್ಗಿಸಲು ಸಮಯವಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದಳು: ಲೆಕ್ಕ ಇಷ್ಟು, ಯಂತ್ರ ಇಷ್ಟು, ಕಾರಣ ಏಣು ಇರಬಹುದು, ಇನ್ನೂ ಸಾಬೀತಾಗಿಲ್ಲ. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ಹೆಸರಿನ ಕೆಳಗೇ ಅಡವಿಯಪ್ಪನವರ ಹೆಸರು ಹಾಕಿದಳು. ಪ್ರಬಂಧ ಜುಲೈ ಇಪ್ಪತ್ತೊಂಬತ್ತಕ್ಕೆ ಹೋಯಿತು.

ಈಗ ಅವಳ ಕೋಣೆಯ ಬಾಗಿಲ ಮೇಲೆ ‘ಡಾ.’ ಎಂದಿದೆ. ಮೇಜಿನ ಡ್ರಾಯರಿನಲ್ಲಿ ಏಣಿರುವ ಪಟ್ಟಿಗಳ ಡಬ್ಬಿ ಇದೆ. ಆ ಕೆಲಸ ಇನ್ನೂ ನಡೆದಿದೆ. ಆದರೆ ೨೦೨೪ರ ಫೆಬ್ರವರಿ ಒಂಬತ್ತರ ಶುಕ್ರವಾರ ಮೌಖಿಕ ಪರೀಕ್ಷೆಯ ಸಭಾಂಗಣದಲ್ಲಿ ನಿಂತಾಗ ಇದಾವುದೂ ಅವಳಿಗೆ ಗೊತ್ತಿರಲಿಲ್ಲ. ಕೊನೇ ಸಾಲಿನಲ್ಲಿ ರಿಟೈರಾದ ಅಡವಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು, ಪಕ್ಕದಲ್ಲಿ ಹನುಮಂತಮ್ಮ. ಮುಂದಿನ ಸಾಲಿನಲ್ಲಿ ಸದಾಶಿವಯ್ಯ ನೆಲ ನೋಡುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧದ ನಡುವೆ ಬೆರಳಿಟ್ಟು, ಕಣ್ಣು ಕಿರಿದು ಮಾಡಿ ಕೇಳಿದರು:

“ನಿಮ್ಮ ಲೆಕ್ಕಕ್ಕೂ ಪ್ರಯೋಗಕ್ಕೂ ಎಷ್ಟು ವ್ಯತ್ಯಾಸ ಬಂದಿದೆ? ಇಲ್ಲಿ ಅಚ್ಚು ತಪ್ಪಾಗಿದೆ ಅನ್ಸುತ್ತೆ. ನೀವೇ ಬಾಯಲ್ಲಿ ಹೇಳಿ.”

ದಾಕ್ಷಾಯಣಿ ಮೈಕು ಹತ್ತಿರ ಎಳೆದುಕೊಂಡಳು. ಕೊನೇ ಸಾಲಿಗೂ ಕೇಳಿಸಬೇಕಿತ್ತು.

“ಅಚ್ಚು ಸರಿಯಾಗಿದೆ ಸಾರ್. ಇಪ್ಪತ್ಮೂರು ಪರ್ಸೆಂಟ್.”